ಇಪ್ಪತ್ತು ಕಾಲಿನ ಚಿಪ್, ಐದು ತಂತಿ

೧

ಈ ಕಥೆಯನ್ನು ಬಾಗಿಲಿನಿಂದ ಶುರು ಮಾಡಲೇ, ಹೊಗೆಯಿಂದ ಮಾಡಲೇ ಎಂದು ಮೂರು ದಿನ ಒದ್ದಾಡಿದೆ. ಬಾಗಿಲಿನಿಂದಾದರೆ, ಪಕ್ಕದ ಮನೆಯ ಟೈಲರ್ ಹತ್ತು ನಿಮಿಷದಿಂದ ಬೆಲ್ ಒತ್ತುತ್ತಲೇ ಇದ್ದಾರೆ. ಹೊಗೆಯಿಂದಾದರೆ, ಒಲೆಯ ಮೇಲೆ ಕುಕ್ಕರಿನ ನೀರೆಲ್ಲ ಇಂಗಿ ತಳ ಸೀಯುತ್ತಿದೆ. ಒಳಕೋಣೆಯಲ್ಲಿ ಅಮ್ಮ ಕದ ಮುಂದೆ ಮಾಡಿಕೊಂಡು ಸ್ವೆಟರ್ ಹೆಣೆಯುತ್ತಿದ್ದಾರೆ. ಅವರಿಗೆ ನೆಗಡಿ, ಮೂಗು ಕಟ್ಟಿದೆ. ಕಿವಿಯಂತೂ ಹದಿನೆಂಟು ವರ್ಷದಿಂದ ಕೇಳಿಸುವುದಿಲ್ಲ. (ಇದನ್ನೇ ಮೊದಲ ವಾಕ್ಯ ಮಾಡಬೇಕಿತ್ತು. ಹೋಗಲಿ. ಅಂದಹಾಗೆ, ಇವರು ನನ್ನ ಅಮ್ಮನಲ್ಲ; ಮುಂದೆ ಬರುವ ಮಗಳ ಅಮ್ಮ.)

ಕೊನೆಗೆ ಟೈಲರ್ ಕಿಟಕಿಯ ಗಾಜು ಒಡೆದು, ಕೈ ಹಾಕಿ ಚಿಲಕ ತೆಗೆದು ಒಳಗೆ ನುಗ್ಗಿದರು. ಎದುರು ಬಂದು ನಿಂತ ಅವರನ್ನು ನೋಡಿ ಅಮ್ಮ ಕೇಳಿದ್ದು ಇಷ್ಟೇ: "ಕೈಯಲ್ಲಿ ರಕ್ತ ಯಾಕಪ್ಪಾ?"

೨

ಈಗ ಡಬ್ಬಿಯ ವಿಷಯ. ಅಮ್ಮನ ಕಿವಿ ಹೋದ ವರ್ಷ ಅಪ್ಪ ಒಂದು ಡಬ್ಬಿ ಮಾಡಿದ್ದರು. ಯಾರಾದರೂ ಬೆಲ್ ಒತ್ತಿದರೆ ಪ್ರತಿ ಕೋಣೆಯಲ್ಲೂ ಹಸಿರು ದೀಪ ಮಿಣುಕುತ್ತಿತ್ತು. ಫೋನಿಗೆ ಕೆಂಪು, ಕುಕ್ಕರ್ ಕೂಗಿದರೆ ಹಳದಿ. ಅಪ್ಪ ಲಿಫ್ಟ್ ರಿಪೇರಿಯವರು. ತೀರಿಕೊಂಡು ನಾಲ್ಕು ವರ್ಷವಾಯಿತು. ಟೈಲರ್ ಗಾಜು ಒಡೆದ ಆ ಮಧ್ಯಾಹ್ನ ಡಬ್ಬಿಯ ಒಂದು ದೀಪವೂ ಹತ್ತಿರಲಿಲ್ಲ.

ಮಗಳು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಡೆಂಟಿಸ್ಟುಗಳು ಕಳಿಸುವ ಅಚ್ಚು ನೋಡಿ ಕಟ್ಟುಹಲ್ಲು ಮಾಡುವ ಕೆಲಸ. ಸುದ್ದಿ ಕೇಳಿದವಳೇ ಓಡಿ ಬಂದಳು, ರಜೆ ಹಾಕಿದಳು, ಹತ್ತು ದಿನ ಮನೆಯಲ್ಲೇ ಕೂತಳು. ಹನ್ನೊಂದನೆಯ ದಿನ, "ಹಗಲು ಹೊತ್ತಿಗೆ ಯಾರನ್ನಾದ್ರೂ ಇಡೋಣ ಅಮ್ಮ" ಎಂದಳು.

ಅಮ್ಮ ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. "ನನ್ನ ಕಾಯೋಕಾ? ನಾನೇನು ತೊಟ್ಟಿಲಲ್ಲಿದೀನಾ? ಡಬ್ಬಿ ಸರಿ ಮಾಡ್ಸು. ಆಗದಿದ್ರೆ ಹೇಳು, ನಾನೇ ಒಲೆ ಮುಂದೆ ಸ್ಟೂಲ್ ಹಾಕ್ಕೊಂಡು ಕೂತ್ಕೋತೀನಿ."

ಆಮೇಲೆ ಇಡೀ ದಿನ ಹಾಗೆಯೇ ಕೂತರು.

೩

ಡಬ್ಬಿ ನೋಡಲು ಚಿಕ್ಕಪ್ಪ ಬಂದರು. ಅಪ್ಪನ ತಮ್ಮ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ರಿಟೈರ್ ಆದವರು. ಈಗ ಕೈ ನಡುಗುತ್ತದೆ. ಟೀ ಕುಡಿಯಲು ಎರಡೂ ಕೈ ಬೇಕು.

"ವೈರಿಂಗ್ ಚೆನ್ನಾಗಿದೆ. ದೀಪಾನೂ ಚೆನ್ನಾಗಿವೆ. ಈ ಚಿಪ್ ಸುಸ್ತಾಗಿದೆ ಅಷ್ಟೆ" ಎಂದು ಇಪ್ಪತ್ತು ಕಾಲಿನ ಕಪ್ಪು ಹುಳುವಿನಂಥದ್ದನ್ನು ತೋರಿಸಿದರು. "ಇಂಥವು ನನ್ನ ಹತ್ರ ಎರಡಿವೆ. ಆದ್ರೆ ಖಾಲಿ. ಯಾವಾಗ ಯಾವ ದೀಪ ಹತ್ತಬೇಕು ಅನ್ನೋದೆಲ್ಲ ಇದರ ತಲೇಲಿದೆ. ಇದನ್ನ ಓದಿ ಅದಕ್ಕೆ ಬರೀಬೇಕು."

"ಓದೋದು ಹೇಗೆ?"

"ಅದಕ್ಕೆ ಪ್ರೋಗ್ರಾಮರ್ ಅಂತ ಒಂದು ಸರ್ಕ್ಯೂಟ್. ಇಷ್ಟು ಹಳೇ ಚಿಪ್ಪಿಗೆ ಅಂಗಡೀಲಿ ಸಿಗಲ್ಲ, ನಾವೇ ಮಾಡ್ಬೇಕು. ಹಳೇ ಕಂಪ್ಯೂಟರಿನ ಪ್ರಿಂಟರ್ ಕೇಬಲ್, ನಾಲ್ಕು ರೆಸಿಸ್ಟರ್, ಐದು ತಂತಿ. ನಾನು ಹೇಳ್ತೀನಿ, ನೀನು ಬೆಸುಗೆ ಹಾಕು."

"ನಾನಾ? ನನಗೆ ಬಲ್ಬ್ ಬದಲಾಯಿಸೋಕೂ ಸರಿಯಾಗಿ ಬರಲ್ಲ ಚಿಕ್ಕಪ್ಪ."

"ಅಕ್ಕಿ ಕಾಳಿನಷ್ಟು ಹಲ್ಲಿಗೆ ಆಕಾರ ಕೊಡ್ತೀಯ. ಇದು ಅದಕ್ಕಿಂತ ದಪ್ಪ."

(ಮೊದಲ ಕರಡಿನಲ್ಲಿ ಇಲ್ಲಿ ಕಿಡಿ ಹಾರಿ ಕಿಟಕಿಯ ಪರದೆಗೆ ಬೆಂಕಿ ಹೊತ್ತಿಕೊಳ್ಳುತ್ತಿತ್ತು. ಎರಡು ಪುಟ, ಒಳ್ಳೆಯ ಗದ್ಯ. ಚಿಕ್ಕಪ್ಪ ಓದಿ, "ಐದು ವೋಲ್ಟಿಗೆ ಪರದೆ ಸುಡುತ್ತಾ? ಬರೆಯೋ ಮುಂಚೆ ಯಾರನ್ನಾದ್ರೂ ಕೇಳಬಾರದಾ ನೀವು?" ಎಂದರು. ಹರಿದು ಹಾಕಿದೆ.)

೪

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿದರು. ಮಗಳು ಲ್ಯಾಬಿನಿಂದ ತಂದ ಭೂತಗನ್ನಡಿಯನ್ನು ಕಣ್ಣಿಗೆ ಕಟ್ಟಿಕೊಂಡಳು. ಚಿಕ್ಕಪ್ಪ ನಡುಗುವ ಕೈಯಲ್ಲೇ ನಕ್ಷೆ ಬರೆದುಕೊಟ್ಟರು; ಗೆರೆಗಳೆಲ್ಲ ಅಲೆ ಅಲೆ. ಮೊದಲ ಬೆಸುಗೆ ಗುಡ್ಡೆಯಾಗಿ ಕೂತಿತು. ಎರಡನೆಯದು ಪಕ್ಕದ ಕಾಲಿಗೂ ಹರಡಿತು. ಮೂರನೆಯದನ್ನು ನೋಡಿ ಚಿಕ್ಕಪ್ಪ ಮುಂದಿನ ತಂತಿ ಎತ್ತಿಕೊಟ್ಟರು. ಅವರ ಶಿಷ್ಯರಿಗೆ ಗೊತ್ತು, ಅದೇ ಶಭಾಷ್.

ಅಮ್ಮ ಒಲೆಯ ಮುಂದಿನ ಸ್ಟೂಲಿನಿಂದಲೇ ಕೂಗಿದರು: "ಎಲ್ಲಿವರೆಗೆ ಬಂತು?"

ಸಂಜೆ ಚಿಪ್ ಕೂರಿಸಿ ಕಂಪ್ಯೂಟರಿಗೆ ಜೋಡಿಸಿದರು. "ಚಿಪ್ ಸಿಗುತ್ತಿಲ್ಲ" ಎಂದಿತು ಪರದೆ. ಇನ್ನೊಮ್ಮೆ, ಸಿಗುತ್ತಿಲ್ಲ. ಚಿಕ್ಕಪ್ಪ ನಕ್ಷೆಯನ್ನು ಮೂರು ಸಲ ಓದಿಸಿದರು. ಎಲ್ಲವೂ ಸರಿ. ಸರಿಯಿದ್ದೂ ಸರಿಯಿಲ್ಲ.

ಮಗಳು ಬೋರ್ಡನ್ನು ಎತ್ತಿ, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದಳು.

"ಚಿಕ್ಕಪ್ಪ, ನೀವು ನಕ್ಷೆ ಬರೆದದ್ದು ಮೇಲಿಂದ ನೋಡಿದ ಹಾಗೆ ಅಲ್ವಾ?"

"ಹೌದು."

"ನಾನು ಬೆಸುಗೆ ಹಾಕಿದ್ದು ಕೆಳಗಿಂದ. ಅಚ್ಚಿನ ಥರ! ಬಾಯಲ್ಲಿ ಬಲಕ್ಕಿರೋ ಹಲ್ಲು ಅಚ್ಚಲ್ಲಿ ಎಡಕ್ಕೆ ಬರುತ್ತೆ. ದಿನಾ ನೋಡೋಳು ನಾನು, ಇಲ್ಲಿ ಹೊಳೀಲೇ ಇಲ್ಲ."

ಚಿಕ್ಕಪ್ಪ ಹಣೆ ಚಚ್ಚಿಕೊಂಡು ನಕ್ಕರು. "ಮೂವತ್ತು ವರ್ಷ ಹುಡುಗರಿಗೆ ಇದನ್ನೇ ಹೇಳಿ ಹೇಳಿ ಬೈದಿದೀನಿ ಕಣಮ್ಮ."

ಐದೂ ತಂತಿ ಕಿತ್ತು ಅದಲು ಬದಲು ಮಾಡಿದಳು. ಈ ಸಲ ಪರದೆಯ ಮೇಲೆ ಮೂರು ಅಂಕಿ ಬಂದವು. ಅದು ಚಿಪ್ ತನ್ನ ಗುರುತು ಹೇಳುವ ರೀತಿಯಂತೆ. ಮಗಳು ಕುರ್ಚಿಯಿಂದ ಎದ್ದೇ ಬಿಟ್ಟಳು. ತಾನೇ ಕಟ್ಟಿದ ಐದು ತಂತಿಯೊಳಗಿಂದ ಯಾರೋ ಮಾತಾಡಿದ್ದರು.

"ಓದು ಈಗ" ಎಂದರು ಚಿಕ್ಕಪ್ಪ.

ಓದಿದಳು. ಸೊನ್ನೆ, ಒಂದು, ಎರಡು, ಮೂರು, ನಾಲ್ಕು... ಕೊನೆಯವರೆಗೂ ಅಷ್ಟೇ, ಮಗ್ಗಿಯೂ ಅಲ್ಲ, ಬರೀ ಎಣಿಕೆ.

"ಅಣ್ಣ ಬೀಗ ಹಾಕಿದಾನೆ" ಎಂದರು ಚಿಕ್ಕಪ್ಪ ಮೆಲ್ಲಗೆ. "ಬೀಗ ಹಾಕಿದ ಚಿಪ್ಪನ್ನ ಓದೋಕೆ ಹೋದ್ರೆ ಒಳಗಿರೋದನ್ನ ಹೇಳಲ್ಲ. ಸುಮ್ಮನೆ ಎಣಿಸ್ತಾ ಕೂರುತ್ತೆ."

ಚಿಕ್ಕಪ್ಪ ಈ ಸುದ್ದಿಯನ್ನು ಚೀಟಿಯಲ್ಲಿ ಬರೆದು ತೋರಿಸಿದಾಗ ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. "ಅವರು ಕೊಡೆಗೂ ಬೀಗ ಹಾಕೋರು."

೪, ಇನ್ನೊಂದು ಸಲ

ಓದುಗರೇ, ನಾನು ಇಲ್ಲೊಂದು ಕಳ್ಳಾಟ ಆಡಿದ್ದೆ. ಆ ಎಣಿಕೆಯ ನಡುವೆ ಎಲ್ಲೋ ಅಪ್ಪನ ಕೊನೆಯ ಪತ್ರ ಅಡಗಿದೆ, ಮಗಳು ಓದಿ ಅಳುತ್ತಾಳೆ ಎಂದು ಬರೆದಿದ್ದೆ. ಬರೆಯುವಾಗ ನನ್ನ ಕಣ್ಣೂ ತುಂಬಿ ಬಂದಿತ್ತು.

ಮಗಳು ಒಪ್ಪಲಿಲ್ಲ. "ನಮ್ಮಪ್ಪ ಜೀವಮಾನದಲ್ಲಿ ಬರೆದ ಪತ್ರ ಅಂದ್ರೆ 'ಹಾಲು ತಗೊಂಡು ಬಾ' ಅನ್ನೋ ಚೀಟಿ. ಇಲ್ಲದ್ದನ್ನ ಯಾಕೆ ತುರುಕ್ತೀರಿ?"

"ಕಥೆಗೆ ಒಂದು ಭಾವ ಬೇಕಲ್ಲಮ್ಮ."

"ಭಾವ ಬೇಕಾದ್ರೆ ಬಂದು ಹೊಸ ಪ್ರೋಗ್ರಾಂ ಬರೀರಿ. ನಾನು ನಾಡಿದ್ದು ಲ್ಯಾಬಿಗೆ ಹೋಗ್ಬೇಕು."

(ಅಳಿಸಿದೆ. ಹೋಗಲಿಲ್ಲ, ನನಗೆ ಪ್ರೋಗ್ರಾಂ ಬರೆಯಲು ಬರುವುದಿಲ್ಲ.)

೫

ಈಗ ಉಳಿದದ್ದು ಒಂದೇ ದಾರಿ: ಹೊಸದಾಗಿ ಬರೆಯುವುದು. ಆದರೆ ಏನಂತ? ದೀಪಗಳ ಭಾಷೆ ಗೊತ್ತಿದ್ದದ್ದು ಅಮ್ಮನೊಬ್ಬರಿಗೇ. ಮಗಳು ಕಾಗದ ಹಿಡಿದು ಅವರ ಎದುರು ಕೂತಳು.

ಅಮ್ಮ ಬೆರಳಿನಲ್ಲಿ ಮೇಜು ತಟ್ಟಿ ಹೇಳಿಕೊಟ್ಟರು. ಬೆಲ್ಲಿಗೆ ಎರಡು ಚಿಕ್ಕ ಮಿಣುಕು, ಒಂದು ಉದ್ದ. ಫೋನಿಗೆ ಬಿಡದೆ ಚಿಕ್ಕದು. ಕುಕ್ಕರಿಗೆ ಒಂದು ಕೂಗಿಗೆ ಒಂದು. "ನೀಲಿ ಹೇಗೂ ಬೇಡ" ಎಂದರು.

"ನೀಲಿ? ಯಾವ ನೀಲಿ ಅಮ್ಮ?"

ಅಮ್ಮ ಎದ್ದು ಅಡುಗೆಮನೆಯ ಕಪಾಟಿನ ಪಕ್ಕದ ಸಂದಿ ತೋರಿಸಿದರು. ಜೋಳದ ಕಾಳಿನಷ್ಟು ಒಂದು ದೀಪ. ಅದರ ಗುಂಡಿ ಅಪ್ಪನ ಮೇಜಿನ ಅಡಿಯಲ್ಲಿತ್ತು. ಮಗಳು ಆ ಗುಂಡಿಯನ್ನು ಇಷ್ಟು ವರ್ಷ ಯಾವುದೋ ಸ್ಕ್ರೂ ಅಂದುಕೊಂಡಿದ್ದಳು.

"ಜಗಳ ಆಡಿ ಮಾತು ಬಿಟ್ಟಾಗ ಒತ್ತೋರು. ನಾನು ತಿರುಗಿ ನೋಡೋವರೆಗೂ ಬಿಡ್ತಿರಲಿಲ್ಲ."

"ಅದನ್ನೂ ಹಾಕ್ಲಾ?"

"ಹಾಕಿದ್ರೆ ಯಾರು ಒತ್ತುತ್ತಾರೆ?"

ಅಮ್ಮ ಮಗಳ ಕೈಯಿಂದ ಪೆನ್ನು ತೆಗೆದುಕೊಂಡು ಕಾಗದದ ಮೇಲೆ 'ನೀಲಿ' ಎಂದು ಬರೆದರು. ಅದರ ಮುಂದೆ ಏನೂ ಬರೆಯದೆ ಪೆನ್ನು ವಾಪಸು ಕೊಟ್ಟರು.

೬

ಎರಡು ದಿನ ಚಿಕ್ಕಪ್ಪ ಹೇಳಿದರು, ಮಗಳು ಟೈಪ್ ಮಾಡಿದಳು. ಅದೇ ಐದು ತಂತಿಯ ಮೂಲಕ ಹೊಸ ಚಿಪ್ಪಿಗೆ ಬರೆದಳು. ಅದನ್ನು ಡಬ್ಬಿಯಲ್ಲಿ ಕೂರಿಸಿದ ಮೇಲೆ ಅಮ್ಮ ಕುಕ್ಕರ್ ಇಟ್ಟು, ಸ್ಟೂಲ್ ಬಿಟ್ಟು, ಒಳಕೋಣೆಗೆ ಹೋಗಿ ಗೋಡೆ ನೋಡುತ್ತ ಕೂತರು. ಹಳದಿ ಹತ್ತಿದಾಗ ಎದ್ದು ಹೋಗಿ ಒಲೆ ಆರಿಸಿದರು.

(ನೀಲಿ? ಒಂದು ಮುಕ್ತಾಯದಲ್ಲಿ ಮಗಳು ಗುಟ್ಟಾಗಿ ಅದನ್ನೂ ಬರೆದಿದ್ದಾಳೆ. ಇನ್ನೊಂದರಲ್ಲಿ ಅಮ್ಮನೇ ಆ ತಂತಿ ಕತ್ತರಿಸುತ್ತಾರೆ. ಮಗಳನ್ನು ಕೇಳಿದೆ. "ಅದು ನಮ್ಮನೆ ವಿಷಯ" ಎಂದಳು. ನಿಮಗೆ ಯಾವುದು ಬೇಕೋ ಅದನ್ನು ಇಟ್ಟುಕೊಳ್ಳಿ.)

ನನಗೆ ಗೊತ್ತಿರುವುದು ಬುಧವಾರದ ಮಧ್ಯಾಹ್ನದವರೆಗೆ ಮಾತ್ರ. ರಜೆ ಮುಗಿದು ಮೊದಲ ದಿನ ಲ್ಯಾಬಿಗೆ ಹೋದ ಮಗಳು ತಡೆಯಲಾರದೆ ಊಟದ ಬಿಡುವಿನಲ್ಲೇ ಓಡಿ ಬಂದಳು. ಬೀಗದ ಕೈ ಬ್ಯಾಗಿನಲ್ಲೇ ಇತ್ತು, ಆದರೂ ಬೆಲ್ ಒತ್ತಿದಳು. ಒಳಗೆ ಕುರ್ಚಿ ಸರಿದ ಸದ್ದು. ಚಪ್ಪಲಿಯ ಸದ್ದು. ಬಾಗಿಲ ಆಚೆ ಅಮ್ಮನ ದನಿ, ಜೋರಾಗಿ: "ಯಾರು?"

"ನಾನೇ ಅಮ್ಮ" ಎಂದಳು. ಹೇಳಿದ ಮೇಲೆ ನಗು ಬಂತು. ಯಾರಿಗೆ ಕೇಳಿಸಬೇಕು?

"ಯಾರು ಅಂತ?"

ಮಗಳ ಬೆರಳು ಬೆಲ್ಲಿನ ಮೇಲೆಯೇ ನಿಂತಿದೆ. ಯಾರೋ ಬಂದಿದ್ದಾರೆಂದು ಹಸಿರು ದೀಪ ಹೇಳಿದೆ. ಯಾರೆಂದು ಹೇಳಿಲ್ಲ. ಅಪ್ಪನ ಡಬ್ಬಿಯೂ ಅದನ್ನು ಹೇಳುತ್ತಿರಲಿಲ್ಲ. ಹೇಳುವ ಹಾಗೆ ಬರೆಯಬಹುದೇ? ಬೆಲ್ ಒತ್ತುವುದಕ್ಕೆ ಟೈಲರಿಗೊಂದು ಲಯ, ಚಿಕ್ಕಪ್ಪನಿಗೊಂದು, ತನಗೊಂದು? ತನ್ನದು ಹೇಗಿರಬೇಕು? ಒಂದು ಉದ್ದ, ಆಮೇಲೆ...

ಅಮ್ಮ ಚಿಲಕಕ್ಕೆ ಕೈ ಹಾಕಿದ್ದಾರೆ. ಮಗಳು ಮನಸ್ಸಿನಲ್ಲೇ ತಟ್ಟಿ ನೋಡುತ್ತಿದ್ದಾಳೆ. ತಡೆಯಿರಿ, ಬಾಗಿಲು ತೆಗೆಯಬೇಡಿ, ಅವಳಿನ್ನೂ ಯೋಚಿಸುತ್ತಿದ್ದಾಳೆ.