ಹೂವಮ್ಮನ ಕೋಳಿಗಳಿಗೆ ಸೂಜಿ

ಪಕ್ಕದ ಊರಿನಲ್ಲಿ ಕೋಳಿಗಳಿಗೆ ಕತ್ತು ತಿರುಚಿ ಸಾಯಿಸುವ ಕೊಕ್ಕರೆ ರೋಗ ಬಡಿದಿದೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅಂಜನಾಪುರದ ಹೂವಮ್ಮ ಅಟ್ಟದಿಂದ ದೊಡ್ಡ ಬುಟ್ಟಿ ಇಳಿಸಿದಳು. ಕೋಳಿಗಳನ್ನೆಲ್ಲ ತುಂಬಿ, ಜಡೆ ಊರಿನಲ್ಲಿರುವ ತಂಗಿ ಲೋಕಮ್ಮನ ಮನೆಗೆ ಸಾಗಿಸಿಬಿಡುವುದು ಅವಳ ಯೋಚನೆ. ಮಗಳು ಚೊಚ್ಚಲ ಹೆರಿಗೆಗೆ ಬಂದು ಕೂತಿದ್ದಾಳೆ. ಬಾಣಂತಿಗೆ ಮೊಟ್ಟೆ ಬೇಕು, ಸಾರು ಬೇಕು ಎಂದು ಮರಿಯಿಂದ ಸಾಕಿದ ಕೋಳಿಗಳು ಅವು. ಒಂದು ಕೋಳಿ ತೂಕಡಿಸಿದರೂ ಹೂವಮ್ಮನಿಗೆ ಅನ್ನ ಸೇರುತ್ತಿರಲಿಲ್ಲ.

"ಹೋದ್ರೆ ಹೋಗ್ಲಿ ಬಿಡೇ. ಬಾಣಂತಿಗೆ ನಾನು ಲಾವಕ್ಕಿ ಹಿಡಕಂಡು ಬರ್ತೀನಿ," ಅಂದ ಗಂಡ ರಂಗಪ್ಪ.

"ಹಿಡದ್ರಿ ಬಿಡ್ರಿ! ಗೂಡಿನಾಗಿನ ಕೋಳೀನೇ ನಿಮ್ಮ ಕೈಗೆ ಸಿಗಲ್ಲ."

ಅಷ್ಟರಲ್ಲಿ ಅಕ್ಕನ ಮಗಳನ್ನು ನೋಡಲು ಲೋಕಮ್ಮನೇ ಬಸ್ಸಿಳಿದು ಬಂದಳು. ಬುಟ್ಟಿ ಕಂಡು ಬಾಗಿಲಲ್ಲೇ ನಿಂತಳು.

"ಬ್ಯಾಡ ಮಾರಾಯ್ತಿ! ಹೋದ ಬ್ಯಾಸಿಗೇಲೂ ಹಿಂಗೇ ಕಳಿಸಿದ್ದೆ. ನಿನ್ನವೂ ಸತ್ವು, ನನ್ನವೂ ಸತ್ವು."

"ಅದು ಊರ ದೇವಿ ಚೌಡಮ್ಮನ ಮುನಿಸು ಕಣೆ."

"ಅಮ್ಮನ್ನ ಯಾಕೆ ದೂರ್ತೀಯ ಅಕ್ಕಾ? ರೋಗಾನ ಬುಟ್ಟೀಲಿ ಹೊತ್ತು ತಂದೋರು ನಾವು. ನೋಡಾಕೆ ಚೆನ್ನಾಗಿರೋ ಕೋಳಿ ಒಳಗೂ ರೋಗ ಇರ್ತದಂತೆ. ದನದ ಡಾಕ್ಟ್ರು ಹೇಳಿದ್ರು. ಈ ಸಲ ಮುಂಚೇನೇ ನನ್ನ ಕೋಳಿಗೆಲ್ಲ ಸೂಜಿ ಹಾಕ್ಸೀನಿ."

"ಮೊಟ್ಟೆ ನಿಲ್ಸಿಬಿಟ್ರೆ?"

"ಕೆಲವು ನಾಕು ದಿನ ಮಂಕಾದ್ವು. ಆಮೇಲೆ ಮೊದ್ಲಿನಂಗೇ ಇಟ್ವು."

"ಅಮ್ಮಂಗೆ ಅಂತ ಬಿಟ್ಟಿರೋ ಹರಕೆ ಹುಂಜಕ್ಕೆ ಸೂಜಿ ತಾಗಿಸಬಹುದೇನೆ?"

"ರೋಗದಾಗೆ ಸತ್ತ ಹುಂಜಾನ ಅಮ್ಮಂಗೆ ಒಪ್ಪಿಸ್ತೀಯೇನು?"

ಹೂವಮ್ಮ ಬುಟ್ಟಿಯನ್ನು ಮತ್ತೆ ಅಟ್ಟಕ್ಕೇರಿಸಿ, ಗ್ರಾಮಸೇವಕರಿಗೆ ಹೇಳಿಕಳಿಸಿದಳು. ಒಳಗೆ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರುದಿನ ಬೆಳಿಗ್ಗೆ ಗೂಡು ತೆಗೆಯುವ ಮೊದಲೇ ಗ್ರಾಮಸೇವಕರು ದನದ ಡಾಕ್ಟರನ್ನು ಕರೆತಂದರು. ಒಂದೊಂದೇ ಕೋಳಿಯನ್ನು ಹಿಡಿದು ರೆಕ್ಕೆ ಬಿಡಿಸಿ ಕೊಟ್ಟವಳು ಹೂವಮ್ಮನೇ. ಹರಕೆ ಹುಂಜ ಡಾಕ್ಟರ ಕೈ ಕುಕ್ಕಿ ತನ್ನ ಸಿಟ್ಟು ತೀರಿಸಿಕೊಂಡಿತು.

"ಸ್ವಲ್ಪ ದಿನ ಹೊರಗಿನ ಕೋಳಿಗಳ ಜೊತೆ ಬಿಡಬೇಡ್ರಮ್ಮ," ಅಂದರು ಡಾಕ್ಟರು. "ಎಲ್ಲಾದ್ರೂ ಕೋಳಿ ಸತ್ರೆ ಆಳವಾಗಿ ಹೂಳಬೇಕು. ಬೇಲಿಯಾಚೆ ಎಸೀಬಾರದು."

ತಿಂಗಳೊಳಗೆ ರೋಗ ಅವರ ಕೇರಿಗೂ ಬಂತು. ಅಕ್ಕಪಕ್ಕದ ಗೂಡುಗಳು ಬರಿದಾದವು. ಹೂವಮ್ಮನ ಒಂದು ಕೋಳಿಯೂ ಕತ್ತು ತಿರುಚಲಿಲ್ಲ. ಮಗಳು ಗಂಡು ಮಗು ಹೆತ್ತಳು. ಬಾಣಂತಿಗೆ ಬಿಸಿ ಸಾರು ಬಡಿಸುವಾಗ ಹೂವಮ್ಮನ ಮುಖ ನೋಡಬೇಕಿತ್ತು! ಹೆಮ್ಮೆ ಯಾಕೆ ಪಡಬಾರದು? ತನ್ನ ಕೈಯಾರೆ ಉಳಿಸಿಕೊಂಡ ಕೋಳಿಗಳು.

ಪಕ್ಕದ ಮನೆಯ ಹುಲಿಗೆಮ್ಮ ಬಂದು ಹಿತ್ತಲಲ್ಲಿ ನಿಂತಳು. "ನನ್ನವೆಲ್ಲಾ ಹೋದ್ವು ಹೂವಕ್ಕಾ. ಕಾವಿಗೆ ಕೂತ ಕೋಳಿ ಒಂದು ಕೊಡ್ತೀಯಾ?"

"ಕೊಡ್ದೆ ಇರ್ತೀನೇನೆ? ಮೊದ್ಲು ನಿನ್ನ ಗೂಡಿನ ಕಸ ಬಳಿದು, ಸುಣ್ಣ ಹಾಕಿ, ಬಿಸ್ಲಿಗೆ ಒಣಗ್ಸು. ಮರಿಗೆ ಸೂಜಿ ಹಾಕ್ಸಾಕೆ ನಾನೇ ಬಂದು ರೆಕ್ಕೆ ಹಿಡೀತೀನಿ."

ಅವ್ವಂದಿರೇ, ಅಕ್ಕತಂಗಿಯರೇ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ಕೋಳಿ ಗಟ್ಟಿಮುಟ್ಟಾಗಿರುವಾಗಲೇ ಸೂಜಿ ಹಾಕಿಸಿ. ರೋಗದ ಊರಿನಿಂದ ಕೋಳಿ ತರಬೇಡಿ, ಕಳಿಸಲೂಬೇಡಿ. ಇವತ್ತೇ ನಿಮ್ಮ ಗ್ರಾಮಸೇವಕರಿಗೆ ಹೇಳಿ. ನಿಮ್ಮ ಮನೆಯ ಬಾಣಂತಿಯೂ ನಿಮ್ಮದೇ ಗೂಡಿನ ಮೊಟ್ಟೆ ತಿನ್ನಲಿ.