ಕುದಿಸಿದ ಫ್ರಾಕು

ಮೈಮೇಲೆ ನೀರ್ಗುಳ್ಳೆಗಳು ಎದ್ದದ್ದೇ ತಡ, ಬೀದಿಯವರೆಲ್ಲ ವೈದ್ಯರಾದರು. ಉಷ್ಣ ಎಂದರು, ನಂಜು ಎಂದರು. ನಾನು ಬಟ್ಟೆ ಹೊಲಿಯುವವಳು. ಗಿರಾಕಿಗಳು ಅರ್ಧ ಹೊಲಿದದ್ದನ್ನೇ ವಾಪಸು ಒಯ್ದರು. ಹಾಳಾಗಲಿ. ನನಗೆ ಬೇಕಿದ್ದದ್ದು ಒಂದೇ: ಮಗಳಿಗೆ ಹುಟ್ಟಿದ ಕೂಸನ್ನು ಒಮ್ಮೆ ಮಡಿಲಿಗೆ ಹಾಕಿಕೊಳ್ಳುವುದು.

ಬೀಗರ ಮನೆಯಲ್ಲಿ ನನ್ನ ಕುರ್ಚಿಗೆ ಹಳೆಯ ಪೇಪರ್ ಹಾಸಿದ್ದರು. ಎಂಥ ಮರ್ಯಾದೆ! ಮೊಮ್ಮಗಳನ್ನು ಬಾಗಿಲಾಚೆಯಿಂದಲೇ ತೋರಿಸಿದರು. ನಾನು ಹೊಲಿದು ಕಳಿಸಿದ್ದ ಫ್ರಾಕನ್ನು ಕುದಿಸಿ ಕುದಿಸಿ, ಗೊಂಬೆಗೆ ಆಗುವಷ್ಟು ಚಿಕ್ಕದು ಮಾಡಿ ಒಣಹಾಕಿದ್ದರು. ಇದೆಲ್ಲ ಬೀಗಿತ್ತಿಯ ಕೈವಾಡವೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

"ನನ್ನ ಜೊತೆ ಚರ್ಮದ ಡಾಕ್ಟರ ಹತ್ರ ಬನ್ನಿ, ನಿಮ್ಮ ಕಿವಿಯಾರೆ ಕೇಳಿ" ಎಂದು ಬೀಗಿತ್ತಿಗೆ ಹೇಳಿದೆ. ಬಂದರು, ನೆಗಡಿಯ ಸಮೇತ.

ಡಾಕ್ಟರು ಮೊದಲೇ ನನ್ನ ಚರ್ಮದ ಚೂರೊಂದನ್ನು ಪರೀಕ್ಷೆಗೆ ಕಳಿಸಿದ್ದರು. "ಇದಕ್ಕೆ ಪೆಂಫಿಗಾಯ್ಡ್ ಅಂತಾರೆ. ಅಂಟೋ ಕಾಯಿಲೆ ಅಲ್ಲಮ್ಮ. ರೋಗದ ಜೊತೆ ಹೋರಾಡಬೇಕಾದ ನಿಮ್ಮ ಮೈಯ ಶಕ್ತಿನೇ ದಾರಿ ತಪ್ಪಿದೆ. ಮೇಲಿನ ಚರ್ಮಾನ ಕೆಳಗಿನದಕ್ಕೆ ಹಿಡಿದಿಟ್ಟಿರೋದನ್ನ ಕಡೀತಿದೆ. ಆ ಸಂದಿಲಿ ನೀರು ತುಂಬಿ ಗುಳ್ಳೆ ಏಳುತ್ತೆ."

ನನಗೆ ಥಟ್ಟನೆ ಅರ್ಥವಾಯಿತು. ಲೈನಿಂಗಿನ ಹೊಲಿಗೆ ಬಿಚ್ಚುತ್ತಿದೆ, ಬಿಚ್ಚುತ್ತಿರುವವರು ಮನೆಯವರೇ.

"ಮುಟ್ಟಿದ್ರೆ?" ಎಂದು ಬೀಗಿತ್ತಿ ಕೇಳಿದರು, ಸೀನಿದರು.

"ಏನೂ ಆಗಲ್ಲ. ಆದ್ರೆ ಇವರ ಮಾತ್ರೆ ರೋಗ ತಡೆಯೋ ಶಕ್ತಿನ ತಗ್ಗಿಸುತ್ತೆ. ನೆಗಡಿ ಇರೋರು ಇವರಿಂದ ದೂರ ಇರಬೇಕು. ನೀವು ಸ್ವಲ್ಪ ಆ ಕಡೆ ಕೂತ್ಕೊಳ್ಳಿ."

ಆಗ ನನಗಾದ ಸುಖವನ್ನು ಯಾವ ಮಾತ್ರೆಯೂ ಕೊಟ್ಟಿಲ್ಲ. ಹೊರಬಂದವಳೇ ಕೇಳಿದೆ: "ಈಗ ನಿಮ್ಮ ಕುರ್ಚಿಗೆ ಪೇಪರ್ ಹಾಸಲಾ? ಫ್ರಾಕ್ ಇನ್ನೊಂದು ಸಲ ಕುದಿಸ್ತೀರಾ?"

ಆಕೆ ಮೂಗು ಒರೆಸಿಕೊಂಡರು. "ಹಾಸಿದ್ದೂ ಕುದಿಸಿದ್ದೂ ನಿಮ್ಮ ಮಗಳು. ಹೇಳಿದ್ರೆ ನೊಂದ್ಕೋತೀರಿ ಅಂತ ಸುಮ್ನಿದ್ದೆ."

ಎದೆಯಲ್ಲಿ ಎದ್ದ ಉರಿಯ ಮುಂದೆ ಗುಳ್ಳೆಗಳ ಉರಿ ಏನೇನೂ ಅಲ್ಲ.

ಬೀಗರ ಮನೆಗೆ ಮರಳಿದಾಗ ಮಗಳು ಕೂಸನ್ನು ಅವಚಿಕೊಂಡೇ ನಿಂತಳು. ಬೀಗಿತ್ತಿ ಬಾಗಿಲಾಚೆಯಿಂದ ಗದರಿದರು: "ಕೊಡೇ ಮಗುನ! ಡಾಕ್ಟರ್ ಬಾಯಿಂದಾನೇ ಕೇಳ್ಕೊಂಡು ಬಂದಿದ್ದೀನಿ."

ಮಗಳು ಅಳುತ್ತ ಬಂದು ಕೂಸನ್ನು ನನ್ನ ಮಡಿಲಿಗಿಟ್ಟಳು. ಕೂಸಿಗೂ ನನ್ನ ಅಂಗೈಗೂ ನಡುವೆ ಅವಳ ಕೈ ಸಿಕ್ಕಿಕೊಂಡಿತು. ಅವಳು ಎಳೆದುಕೊಳ್ಳಲಿಲ್ಲ. ಗುಳ್ಳೆ ಎದ್ದ ಮೇಲೆ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.