ಬೂಟಿನೊಳಗಿನ ಉಪ್ಪುನೀರು

ಅಪ್ಪನನ್ನು ಮಣ್ಣು ಮಾಡಿದ ಮೂರನೇ ಬೆಳಿಗ್ಗೆ ಗಾಸ್ಪಾರೆಗೆ ತನ್ನ ಬೂಟಿನಲ್ಲಿ ನೀರು ಕಂಡಿತು. ಬಾಗಿಲ ಒಳಗೆ, ಒಣ ನೆಲದ ಮೇಲೆ ಬಿಟ್ಟಿದ್ದ ಮೊಣಕಾಲುದ್ದದ ಬೂಟು. ಬೆರಳದ್ದಿ ನೆಕ್ಕಿ ನೋಡಿದ. ಉಪ್ಪು. ಅದೂ ಉಗುರುಬೆಚ್ಚಗಿತ್ತು.

ಯಾರಿಗಾದರೂ ಹೇಳುವುದುಂಟೇ? ಸಿಸಿಲಿಯ ಈ ಮೂಲೆ ದ್ವೀಪದ ಗಂಡಸರ ಬಾಯಿಗೆ ಸಿಕ್ಕಿದರೆ ಮುಗಿಯಿತು. ಇನ್ನೂ ಹಾಸಿಗೆ ಒದ್ದೆ ಮಾಡುವವನು ಅಂತ ಹೆಸರಿಟ್ಟು ಮುದುಕನಾಗುವ ತನಕ ಬಿಡುವುದಿಲ್ಲ. ಕದ್ದುಮುಚ್ಚಿ ಹಿತ್ತಲ ನಿಂಬೆಗಿಡದ ಬುಡಕ್ಕೆ ಸುರಿದ. ಮಾರನೇ ಬೆಳಿಗ್ಗೆ ಮತ್ತೆ ತುಂಬಿತ್ತು.

ಅವನಪ್ಪ ಮೆಲ್ಕಿಯೊರೆ ಟ್ಯೂನಾ ಮೀನು ಬೇಟೆಯ ರಾಯಿಸ್, ಅಂದರೆ ಮುಖಂಡ. ಅವನು ಕೈ ಎತ್ತಿದರೆ ಅರವತ್ತು ಗಂಡಸರು ಬಲೆ ಎಳೆಯಬೇಕು, ಇಳಿಸಿದರೆ ನಿಲ್ಲಿಸಬೇಕು. ಅಂಥವನು ಅಲೆಯಿಲ್ಲದ ನೀರಿಗೆ ಕಾಲು ಜಾರಿ ಬಿದ್ದು ಸೀದಾ ತಳಕ್ಕೆ ಹೋಗಿಬಿಟ್ಟ. ಹೆಣದ ಕಾಲಿನಿಂದ ಬೂಟು ಕಳಚಲು ಬರಲಿಲ್ಲ, ಹಾಗೇ ಹೂತರು. ಹೆಂಗಸರು ಎದೆ ಬಡಿದುಕೊಂಡು ಅತ್ತರು. ಗಾಸ್ಪಾರೆಯ ಗದ್ದ ನಡುಗಿದ್ದೇ ತಡ, ಚಿಕ್ಕಪ್ಪ ಬಾರ್ತೊಲೊ ಅವನ ತೋಳು ಚಿವುಟಿದ. "ರಾಯಿಸನ ಮಗ ಅಳಲ್ಲ ಕಣೋ." ಗಾಸ್ಪಾರೆ ನುಂಗಿಕೊಂಡ.

ವರ್ಷ ಕಳೆಯಿತು. ಈ ಮೇ ತಿಂಗಳ ಮೊದಲ ಬೇಟೆಗೆ ಅಪ್ಪನ ಜಾಗದಲ್ಲಿ ಅವನೇ ನಿಲ್ಲಬೇಕೆಂದು ಊರು ತೀರ್ಮಾನಿಸಿತ್ತು. ನೀರೋ, ಈಗ ಕಾಲಲ್ಲಿರುವಾಗಲೇ ಏರುತ್ತಿತ್ತು. ಮೆಟ್ಟಿಲು ಹತ್ತುವಾಗ ಯಾರೋ ಕೆಳಗಿನಿಂದ ಎಳೆದಂತಾಗಿ ಅವನಿಗೆ ಭಯವಾಗುತ್ತಿತ್ತು.

ಬೇಟೆಯ ದಿನ ಬೆಳಿಗ್ಗೆ ಬೂಟು ಹಿಡಿದು ಹಿತ್ತಲಿಗೆ ಹೋದರೆ, ಅಮ್ಮ ಬಕೆಟ್ ಹಿಡಿದು ನಿಂತಿದ್ದಳು.

"ಇದಕ್ಕೆ ಸುರಿ. ಗಿಡಾನಂತೂ ಕೊಂದಾಯ್ತಲ್ಲ."

"ನಿಂಗೆ ಯಾವಾಗಿಂದ ಗೊತ್ತಮ್ಮ?"

"ನಿಮ್ಮಜ್ಜ ಸತ್ತಾಗಿಂದ ನಿಮ್ಮಪ್ಪನ ಬೂಟಿನ ನೀರು ಸುರಿದೋಳು ನಾನೇ. ಇಪ್ಪತ್ತೆಂಟು ವರ್ಷ, ಅವರು ಏಳೋಕೆ ಮುಂಚೆ. ಅದೊಂದು ದಿನ ಜ್ವರ ಬಂದು ಮಲಗಿಬಿಟ್ಟೆ." ಅವಳು ಬಕೆಟ್ ಕೆಳಗಿಟ್ಟಳು. "ಅವತ್ತೇ ಹೋದ್ರು."

ಅಷ್ಟು ಚೆನ್ನಾಗಿ ಈಜುತ್ತಿದ್ದ ಮನುಷ್ಯ ಹೇಗೆ ಮುಳುಗಿದ ಅಂತ ಊರೆಲ್ಲ ಕೇಳಿತ್ತು. ಗಾಸ್ಪಾರೆ ಬೂಟಿನ ನೀರನ್ನು ಬಕೆಟ್ಟಿಗೆ ಸುರಿದ.

"ಅತ್ತುಬಿಡೋ ಮಗನೇ. ದೋಣಿ ಹತ್ತೋಕೆ ಮುಂಚೆ."

ಪ್ರಯತ್ನಪಟ್ಟ. ಬರಲಿಲ್ಲ. ಬೂಟು ಮೆಟ್ಟಿಕೊಂಡು ಹೊರಟ.

ಬಂದರಿನಲ್ಲಿ ಚಿಕ್ಕಪ್ಪ ಮೊದಲ ದೋಣಿಯಿಂದಲೇ ಶುರುಮಾಡಿದ. "ಏನೋ ಮದುಮಗ, ಕನ್ನಡಿ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ವಾ?" ಎಲ್ಲರೂ ನಕ್ಕರು. ಈಗಷ್ಟೇ ಬರಿದು ಮಾಡಿದ ಬೂಟಿನಲ್ಲಿ ನೀರು ಆಗಲೇ ಮೊಣಕಾಲಿಗೆ ಬಂದಿತ್ತು. ದೋಣಿಗೆ ಕಾಲೆತ್ತಲು ಹೋದರೆ ಎತ್ತಲಾಗಲಿಲ್ಲ.

ಆಗ ಚಿಕ್ಕಪ್ಪ ಕೈ ಕೊಡಲು ಎರಡು ಹೆಜ್ಜೆ ಮುಂದೆ ಬಂದ. ಪಚಕ್, ಪಚಕ್. ಒಣ ಹಲಗೆಯ ಮೇಲೆ ಒದ್ದೆ ಗುರುತು ಮೂಡಿತು. ಗಾಸ್ಪಾರೆ ಉಳಿದವರ ಕಾಲು ನೋಡಿದ. ಎಲ್ಲರ ಕಾಲ ಕೆಳಗೂ ಒದ್ದೆ. ಇನ್ನೂ ಒಂದು ಮೀನೂ ಹಿಡಿದಿಲ್ಲ, ಆದರೂ ದೋಣಿಗಳೆಲ್ಲ ಭಾರಕ್ಕೆ ಅಂಚಿನ ತನಕ ನೀರಿಗಿಳಿದು ನಿಂತಿದ್ದವು.

ಅವನು ಅಲ್ಲೇ ಕಲ್ಲಿನ ಮೇಲೆ ಕೂತು ಎರಡೂ ಬೂಟು ಕಿತ್ತು ಬೋರಲು ಹಾಕಿದ. ನೀರು ಹರಿದು ಕಡಲಿಗೆ ಬಿತ್ತು. ನಗು ನಿಂತುಹೋಯಿತು.

"ಹಾಕ್ಕೋ," ಚಿಕ್ಕಪ್ಪ ಪಿಸುಗುಟ್ಟಿದ, "ಎಲ್ರೂ ನೋಡ್ತಿದಾರೆ."

"ನೋಡ್ಲಿ ಬಿಡು, ಚಿಕ್ಕಪ್ಪ."

ಅಪ್ಪಾ ಅಂತ ಒಂದು ಸಲ ಕರೆದ, ಅಷ್ಟೇ. ವರ್ಷದಿಂದ ನುಂಗಿದ್ದೆಲ್ಲ ಹೊರಗೆ ಬಂತು. ಮೂಗು, ಬಾಯಿ, ಗಡ್ಡ ಒಂದಾಗಿ, ಬಂದರಿಗೆಲ್ಲ ಕೇಳುವಂತೆ ಅತ್ತ. ಗಂಡಸರು ಮುಖ ತಿರುಗಿಸಿದರು. ಇನ್ನು ಈ ಜನ್ಮದಲ್ಲಿ ಅವನನ್ನು ರಾಯಿಸ್ ಅನ್ನುವವರಿಲ್ಲ. ಆ ಜಾಗಕ್ಕೆ ಚಿಕ್ಕಪ್ಪನೇ ಹೋಗಿ ನಿಂತ, ದೋಣಿಗಳು ಹೊರಟವು.

ಗಾಸ್ಪಾರೆ ಬೂಟಿನೊಳಗೆ ಕೈ ಹಾಕಿ ನೋಡಿದ. ಒಣಗಿತ್ತು. ತಲೆ ಎತ್ತಿದರೆ, ದೂರದಲ್ಲಿ ಚಿಕ್ಕಪ್ಪ ಬಗ್ಗಿ ತನ್ನ ಬೂಟಿಗೆ ಕೈ ಹಾಕಿದ್ದ. ಹಿಂದಿನಿಂದ ಯಾರೋ ಏನೋ ಅಂದು ನಕ್ಕರು. ಚಿಕ್ಕಪ್ಪ ನೆಟ್ಟಗೆ ನಿಂತುಕೊಂಡ.